ಫ್ರಾನ್ಸಿಸ್ ಬುಕಾನನ್-ಹ್ಯಾಮಿಲ್ಟನ್

ಫ್ರಾನ್ಸಿಸ್ ಬುಕಾನನ್-ಹ್ಯಾಮಿಲ್ಟನ್ (15 ಫೆಬ್ರವರಿ 1762 – 15 ಜೂನ್ 1829) ಸ್ಕಾಟ್ಲೆಂಡಿನ ವೈದ್ಯರು, ಸಸ್ಯಶಾಸ್ತ್ರಜ್ಞರು, ಮತ್ಸ್ಯಶಾಸ್ತ್ರಜ್ಞರು ಮತ್ತು ಸರ್ವೇಕ್ಷಕರು. ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಕೀಯ ಸೇವೆಯಲ್ಲಿ 1794ರಿಂದ 1815ರವರೆಗೆ ಇದ್ದ ಇವರು ಕರ್ನಾಟಕದ ಓದುಗರಿಗೆ ಮುಖ್ಯವಾಗಿ 1800–01ರ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರ್ ಪ್ರವಾಸದ ದಿನಚರಿಯಿಂದ ಪರಿಚಿತರು. ಟಿಪ್ಪು ಸುಲ್ತಾನನ ಪತನದ ಮರುವರ್ಷವೇ ಕೈಗೊಂಡ ಆ ಪ್ರವಾಸದ ಬರಹವು ಅಂದಿನ ಕನ್ನಡ ನಾಡಿನ ಬೇಸಾಯ, ಕೈಕಸುಬು, ಮಣ್ಣು, ನೀರು, ಕಾಡು ಮತ್ತು ಜನಜೀವನದ ಬಗ್ಗೆ ದೊರೆಯುವ ಅತ್ಯಂತ ವಿವರವಾದ ದಾಖಲೆಗಳಲ್ಲಿ ಒಂದಾಗಿದೆ.

ಉಷ್ಣವಲಯದ ಕಡಲಂಚಿನ ಕಾಂಡ್ಲಾ ಕಾಡುಗಳ ಅಧ್ಯಯನದಲ್ಲಿಯೂ ಇವರ ಹೆಸರು ಸ್ಥಿರವಾಗಿ ಉಳಿದಿದೆ. ಸುಂದರಬನದ ಎರಡು ಪ್ರಮುಖ ಮರಗಳಾದ ಸುಂದರಿ ಮತ್ತು ಕೇವಡಾ ಮರಗಳು ವಿಜ್ಞಾನ ಲೋಕಕ್ಕೆ ಪರಿಚಯವಾದದ್ದು ಇವರ ಸಂಗ್ರಹದ ಮೂಲಕ. ಕಾಂಡ್ಲಾ ಕಾಡಿನ ಕೆಸರು ನೆಲವನ್ನೂ ಚಿತ್ರದುರ್ಗ ಸೀಮೆಯ ಬೆಂಗಾಡನ್ನೂ ಒಂದೇ ಜೀವಿತದಲ್ಲಿ ಕಂಡು ಬರೆದಿಟ್ಟ ಮೊದಲ ಸಸ್ಯಶಾಸ್ತ್ರಜ್ಞರಲ್ಲಿ ಇವರು ಒಬ್ಬರು.

ಜನನ ಮತ್ತು ವಿದ್ಯಾಭ್ಯಾಸ

ಬುಕಾನನ್ ಅವರು ಸ್ಕಾಟ್ಲೆಂಡಿನ ಪರ್ತ್‌ಷೈರ್ ಪ್ರಾಂತದ ಕ್ಯಾಲಂಡರ್ ಬಳಿಯ ಬಾರ್ಡೋವಿ ಎಂಬಲ್ಲಿ ಜನಿಸಿದರು. ತಂದೆ ಥಾಮಸ್ ಬುಕಾನನ್ ವೈದ್ಯರು. ಲೆನಿ ಎಂಬ ಜಮೀನಿನ ಒಡೆಯರು. ತಾಯಿ ಎಲಿಜಬೆತ್ ಹ್ಯಾಮಿಲ್ಟನ್ ಮನೆತನಕ್ಕೆ ಸೇರಿದವರು. ಕಿರಿಯ ಮಗನಾದ ಕಾರಣ ಫ್ರಾನ್ಸಿಸರು ಆಸ್ತಿಯನ್ನು ನೆಚ್ಚಿಕೊಳ್ಳದೆ ತಂದೆಯ ವೃತ್ತಿಯನ್ನೇ ಆರಿಸಿಕೊಂಡರು.

ಗ್ಲಾಸ್ಗೋದಲ್ಲಿ 1779ರಲ್ಲಿ ಎಂ.ಎ. ಪದವಿ ಪಡೆದು, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿ 1783ರಲ್ಲಿ ಎಂ.ಡಿ. ಪದವಿ ಪಡೆದರು. ಅವರ ಪ್ರಬಂಧದ ವಿಷಯ ಬಿಟ್ಟು ಬಿಟ್ಟು ಬರುವ ಜ್ವರ, ಅಂದರೆ ಇಂದು ನಾವು ಮಲೇರಿಯ ಎಂದು ಕರೆಯುವ ಕಾಯಿಲೆ. ಅಂದಿನ ವೈದ್ಯರಿಗೆ ಔಷಧಿ ಎಂದರೆ ಬಹುಪಾಲು ಗಿಡಮೂಲಿಕೆಯೇ ಆದ್ದರಿಂದ ಸಸ್ಯಶಾಸ್ತ್ರವು ವೈದ್ಯಶಿಕ್ಷಣದ ಅಂಗವಾಗಿತ್ತು. ಎಡಿನ್‌ಬರೋದಲ್ಲಿ ಆ ವಿಷಯ ಕಲಿಸುತ್ತಿದ್ದ ಜಾನ್ ಹೋಪ್ ಅವರ ಶಿಷ್ಯರಾಗಿ ಬುಕಾನನ್ ಲಿನ್ನೇಯಸ್‌ನ ವರ್ಗೀಕರಣ ಪದ್ಧತಿಯನ್ನು ಕರಗತ ಮಾಡಿಕೊಂಡರು. ಏಷ್ಯಾ ಕಡೆಗೆ ಹೋಗುವ ಹಡಗುಗಳಲ್ಲಿ ಕೆಲವು ಕಾಲ ವೈದ್ಯರಾಗಿದ್ದು, 1794ರಲ್ಲಿ ಕಂಪನಿಯ ಬಂಗಾಳ ಸೇವೆಗೆ ಸೇರಿ ಕಲ್ಕತ್ತೆಗೆ ಬಂದರು.

ಬರ್ಮಾ ಯಾತ್ರೆ ಮತ್ತು ಕಾಂಡ್ಲಾ ಮರಗಳು

1795ರಲ್ಲಿ ಕಂಪನಿಯು ಮೈಕೇಲ್ ಸೈಮ್ಸ್ ನೇತೃತ್ವದಲ್ಲಿ ಬರ್ಮಾ ದೇಶದ ಆವಾ ರಾಜ್ಯಕ್ಕೆ ರಾಯಭಾರಿಗಳ ತಂಡವೊಂದನ್ನು ಕಳುಹಿಸಿತು. ಆ ತಂಡದ ವೈದ್ಯರಾಗಿ ಬುಕಾನನ್ ನೇಮಕಗೊಂಡರು. ಅಂಡಮಾನ್ ದ್ವೀಪಗಳ ಮಾರ್ಗವಾಗಿ ರಂಗೂನಿಗೆ ಹೋಗಿ, ಐರಾವತಿ ನದಿಯ ಮುಖಜ ಭೂಮಿಯನ್ನು ದಾಟಿ ಮೇಲಕ್ಕೆ ಸಾಗಿದ ಆ ಪ್ರಯಾಣದಲ್ಲಿ ಅವರು ನೂರಾರು ಸಸ್ಯಗಳನ್ನು ಸಂಗ್ರಹಿಸಿದರು. ಮಾದರಿಗಳೂ ಚಿತ್ರಗಳೂ ಲಂಡನ್ನಿನ ಜೋಸೆಫ್ ಬ್ಯಾಂಕ್ಸ್ ಅವರ ಕೈಸೇರಿದವು. 1800ರಲ್ಲಿ ಪ್ರಕಟವಾದ ಸೈಮ್ಸ್‌ನ ಗ್ರಂಥದಲ್ಲಿ ಅವುಗಳಲ್ಲಿ ಕೆಲವು ಸೇರಿಕೊಂಡವು.

ಆ ಗ್ರಂಥದ ಮೂಲಕ ಹೆಸರು ಪಡೆದ ಮರಗಳಲ್ಲಿ ಎರಡು ಮುಖ್ಯ. ಒಂದು ಸೊನ್ನೆರೇಷಿಯ ಅಪೆಟಲ. ಬಂಗಾಳದಲ್ಲಿ ಇದನ್ನು ಕೇವಡಾ ಎನ್ನುತ್ತಾರೆ. ಹೂವಿಗೆ ದಳಗಳಿಲ್ಲವೆಂಬುದನ್ನೇ ಅದರ ವೈಜ್ಞಾನಿಕ ಹೆಸರು ಸೂಚಿಸುತ್ತದೆ. ಇನ್ನೊಂದು ಹೆರಿಟಿಯೆರ ಫೋಮ್ಸ್, ಅಂದರೆ ಸುಂದರಿ ಮರ. ಸುಂದರಬನಕ್ಕೆ ಆ ಹೆಸರು ಬಂದದ್ದು ಈ ಮರದಿಂದಲೇ ಎಂಬ ಅಭಿಪ್ರಾಯ ಪ್ರಚಲಿತವಾಗಿದೆ. ಕೇವಡಾ ಮರದ ಕರ್ತೃತ್ವ ಇಂದಿಗೂ ಬುಕಾನನ್-ಹ್ಯಾಮಿಲ್ಟನ್ ಹೆಸರಿನಲ್ಲಿದೆ. ಸುಂದರಿಯ ಕರ್ತೃತ್ವವನ್ನು ಕೆಲವು ಗ್ರಂಥಗಳು ಇವರಿಗೂ ಕೆಲವು ಬ್ಯಾಂಕ್ಸ್ ಅವರಿಗೂ ಕೊಡುತ್ತವೆ.

ಈ ಎರಡು ಮರಗಳ ಬದುಕನ್ನು ಅರಿತರೆ ಕಾಂಡ್ಲಾ ಕಾಡಿನ ವ್ಯವಸ್ಥೆಯೇ ಅರ್ಥವಾಗುತ್ತದೆ. ನದಿಯು ತಂದು ಹಾಕಿದ ಹೊಸ ಕೆಸರು ದಿನಕ್ಕೆರಡು ಬಾರಿ ಭರತದ ನೀರಿನಲ್ಲಿ ಮುಳುಗುತ್ತದೆ. ಅಂಥ ಕೆಸರಿನಲ್ಲಿ ಗಾಳಿ ಆಡುವುದಿಲ್ಲ. ಸಾಮಾನ್ಯ ಮರದ ಬೇರು ಅಲ್ಲಿ ಕೊಳೆತುಹೋಗುತ್ತದೆ. ಕೇವಡಾ ಮರವು ಬೇರಿನ ತುದಿಗಳನ್ನು ಗೂಟಗಳಂತೆ ಕೆಸರಿನಿಂದ ಮೇಲಕ್ಕೆ ಚಾಚಿ, ಇಳಿತದ ಹೊತ್ತಿನಲ್ಲಿ ಅವುಗಳ ಮೂಲಕ ಉಸಿರಾಡುತ್ತದೆ. ಹೊಸ ನೆಲದಲ್ಲಿ ಮೊದಲು ಬೇರೂರುವ ಮರಗಳಲ್ಲಿ ಇದೂ ಒಂದು. ಈ ಬೇರುಗಳ ನಡುವೆ ಹೂಳು ತಂಗಿ ನೆಲ ಗಟ್ಟಿಯಾದ ಮೇಲೆ ಬೇರೆ ಮರಗಳು ಬರುತ್ತವೆ. ಸುಂದರಿಯು ಉಪ್ಪು ಕಡಿಮೆ ಇರುವ, ಸಿಹಿನೀರು ಬಂದು ಬೆರೆಯುವ ಜಾಗವನ್ನು ಬಯಸುತ್ತದೆ. ಆದ್ದರಿಂದ ಮೇಲಿನ ನದಿಗಳಲ್ಲಿ ನೀರು ಕಡಿಮೆಯಾಗಿ ಅಳಿವೆಯ ಉಪ್ಪು ಹೆಚ್ಚಿದರೆ ಮೊದಲು ಸೊರಗುವುದು ಇದೇ ಮರ. ಬಾಂಗ್ಲಾದೇಶದ ಭಾಗದಲ್ಲಿ ಸುಂದರಿ ಮರಗಳು ತುದಿಯಿಂದ ಒಣಗುತ್ತ ಬರುವ ರೋಗಕ್ಕೆ ಉಪ್ಪಿನ ಏರಿಕೆಯೂ ಒಂದು ಕಾರಣವೆಂದು ಭಾವಿಸಲಾಗಿದೆ. ಇಂದು ಸುಂದರಿಯು ಅಳಿವಿನ ಅಂಚಿನ ಮರಗಳ ಪಟ್ಟಿಯಲ್ಲಿದೆ.

ಕೇವಡಾ ಮರದ ಕತೆ ಇದಕ್ಕೆ ವಿರುದ್ಧವಾದುದು. ಬಾಂಗ್ಲಾದೇಶದ ಕಡಲಂಚಿನಲ್ಲಿ 1960ರ ದಶಕದಿಂದ ನಡೆದ ನೆಡುತೋಪು ಯೋಜನೆಯಲ್ಲಿ ಇದೇ ಮುಖ್ಯ ಮರ. 1985ರಲ್ಲಿ ಇದನ್ನು ಚೀನಾಕ್ಕೂ ಒಯ್ಯಲಾಯಿತು. ಬೇಗ ಬೆಳೆಯುವ ಈ ಮರ ಅಲ್ಲಿಯ ಸ್ಥಳೀಯ ಕಾಂಡ್ಲಾ ಜಾತಿಗಳನ್ನು ಹಿಂದಿಕ್ಕಬಹುದೆಂಬ ಆತಂಕವೂ ಮುಂದೆ ವ್ಯಕ್ತವಾಗಿದೆ.

ಬಂಗಾಳದ ಅಳಿವೆ ಪ್ರದೇಶದಲ್ಲಿ

ಬರ್ಮಾದಿಂದ ಮರಳಿದ ಬುಕಾನನ್ ಅವರು ಪೂರ್ವ ಬಂಗಾಳದ ಲಕ್ಷ್ಮೀಪುರದಲ್ಲಿ ವೈದ್ಯರಾಗಿ ನೇಮಕಗೊಂಡರು. 1798ರಲ್ಲಿ ಸಾಂಬಾರ ಪದಾರ್ಥಗಳ ಬೇಸಾಯಕ್ಕೆ ತಕ್ಕ ನೆಲವನ್ನು ಹುಡುಕಲು ಅವರನ್ನು ಚಿತ್ತಗಾಂಗ್ ಕಡೆಗೆ ಕಳುಹಿಸಲಾಯಿತು. ಮೇಘನಾ ನದಿಯ ಬಾಯಿಯಲ್ಲಿ ಏಳುತ್ತ ಮುಳುಗುತ್ತ ಇರುವ ಮರಳುದಿಬ್ಬಗಳು, ಗುಡ್ಡಗಾಡಿನ ಜನರ ಕುಮರಿ ಬೇಸಾಯ ಇವನ್ನೆಲ್ಲ ಕಂಡು ಬರೆದ ದಿನಚರಿಯು ಸುಮಾರು ಎರಡು ಶತಮಾನ ಅಚ್ಚಾಗದೆ ಉಳಿದು 1992ರಲ್ಲಿ ಢಾಕಾದಲ್ಲಿ ಪ್ರಕಟವಾಯಿತು. ಅನಂತರ ಕಲ್ಕತ್ತೆಯ ದಕ್ಷಿಣಕ್ಕೆ, ಸುಂದರಬನಕ್ಕೆ ಹತ್ತಿರದ ಬರೂಯಿಪುರದಲ್ಲಿ ಇದ್ದರು. ಅಳಿವೆಯ ಮೀನುಗಳ ಕಡೆಗೆ ಅವರ ಗಮನ ಹರಿದದ್ದು ಈ ವರ್ಷಗಳಲ್ಲಿ.

ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರ್ ಪ್ರವಾಸ

1799ರಲ್ಲಿ ಶ್ರೀರಂಗಪಟ್ಟಣ ಕಂಪನಿಯ ವಶವಾಯಿತು. ಹೊಸದಾಗಿ ಕೈಗೆ ಬಂದ ಪ್ರದೇಶದ ಹುಟ್ಟುವಳಿ ಎಷ್ಟು, ಜನ ಯಾರು, ವ್ಯಾಪಾರಕ್ಕೆ ಒದಗುವ ವಸ್ತುಗಳು ಯಾವುವು ಎಂದು ತಿಳಿಯುವುದು ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅಗತ್ಯವಾಗಿತ್ತು. ಆ ಕೆಲಸಕ್ಕೆ ಬುಕಾನನ್ ಅವರನ್ನು ಆರಿಸಲಾಯಿತು. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟ ಅವರು ಬೆಂಗಳೂರು ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಬಂದು ದಿವಾನ್ ಪೂರ್ಣಯ್ಯನವರನ್ನು ಕಂಡರು. ಮೈಸೂರಿನ ಪೂರ್ವ ಭಾಗಗಳನ್ನು ಸುತ್ತಿ, ಕೊಯಮತ್ತೂರು ಮತ್ತು ಪಾಲಕ್ಕಾಡಿನ ಮೂಲಕ ಮಲಬಾರಿಗೆ ಇಳಿದು, ಕರಾವಳಿಯುದ್ದಕ್ಕೂ ಬಡಗಣಕ್ಕೆ ನಡೆದು, ಘಟ್ಟ ಹತ್ತಿ ಮತ್ತೆ ಮೈಸೂರು ಸೀಮೆಗೆ ಬಂದರು. 1801ರ ನಡುವಿನಲ್ಲಿ ಪ್ರವಾಸ ಮುಗಿಯಿತು.

ಅವರ ವಿಧಾನ ಸರಳವಾದುದು. ತಂಗಿದ ಪ್ರತಿ ಊರಿನಲ್ಲೂ ರೈತರನ್ನು, ನೇಕಾರರನ್ನು, ಗೌಡ ಶಾನುಭೋಗರನ್ನು ಕರೆಸಿ ದುಭಾಷಿಯ ಮೂಲಕ ಪ್ರಶ್ನೆ ಕೇಳುವುದು. ಮಣ್ಣಿನ ಬಗೆ, ಮಳೆಯ ಕಾಲ, ಬಿತ್ತನೆಯ ಅಳತೆ, ಇಳುವರಿ, ಕಂದಾಯ, ಕೂಲಿ, ಜಾತಿಗಳ ಕಟ್ಟಳೆ ಇವನ್ನೆಲ್ಲ ಅಂದೇ ಬರೆದಿಡುವುದು. ರಾಗಿ, ಜೋಳ, ನವಣೆ, ಹುರುಳಿ, ಭತ್ತ, ಕಬ್ಬು, ಅಡಿಕೆ ಮೊದಲಾದ ಬೆಳೆಗಳ ಕ್ರಮವನ್ನು ಊರೂರಿಗೂ ಬೇರೆಬೇರೆಯಾಗಿ ದಾಖಲಿಸಿದರು. ಈ ದಿನಚರಿಯು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ವಿಷಯಾನುಸಾರ ಜೋಡಿಸದೆ ದಿನಚರಿಯ ರೂಪದಲ್ಲಿಯೇ ಪ್ರಕಟಿಸಿದ್ದರಿಂದ ಓದಲು ಕ್ಲಿಷ್ಟವೆನಿಸಿದರೂ, ಯಾವ ಮಾತು ಯಾವ ಊರಿಗೆ ಸೇರಿದ್ದೆಂಬುದು ಸ್ಪಷ್ಟವಾಗಿ ಉಳಿಯಿತು.

ಮಲಬಾರಿನ ಅಂಗಡಿಪುರಂ ಬಳಿ, ನೆಲದಿಂದ ತೆಗೆಯುವಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಕೆಂಪು ಕಲ್ಲನ್ನು ಕಂಡು ಅದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವರು ಬುಕಾನನ್. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಈ ಹೆಸರು ಇಂದು ಜಗತ್ತಿನ ಭೂವಿಜ್ಞಾನದ ಸಾಮಾನ್ಯ ಪದ. ನಮ್ಮ ಕರಾವಳಿಯಲ್ಲಿ ಮುರಕಲ್ಲು, ಜಂಬಿಟ್ಟಿಗೆ ಎಂದು ಕರೆಯುವುದು ಇದನ್ನೇ.

ಕರಾವಳಿಯಲ್ಲಿ

1801ರ ಆರಂಭದಲ್ಲಿ ಬುಕಾನನ್ ಅವರು ಹೊಸದುರ್ಗ, ಬೇಕಲ, ಕಾಸರಗೋಡು, ಮಂಜೇಶ್ವರಗಳ ಮೂಲಕ ಮಂಗಳೂರಿಗೆ ಬಂದರು. ಅಲ್ಲಿಂದ ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಗೋಕರ್ಣ, ಅಂಕೋಲಾ ದಾಟಿ ಕಾಳಿ ನದಿಯ ದಡದ ಸದಾಶಿವಗಡದವರೆಗೆ ಹೋದರು. ದಾರಿಯಲ್ಲಿ ಚಂದ್ರಗಿರಿ, ನೇತ್ರಾವತಿ, ಶರಾವತಿ, ಅಘನಾಶಿನಿ, ಗಂಗಾವಳಿ ಮೊದಲಾದ ನದಿಗಳ ಅಳಿವೆಗಳನ್ನು ಒಂದರ ಹಿಂದೊಂದರಂತೆ ದಾಟಬೇಕಾಯಿತು. ಕುಂದಾಪುರ ಮತ್ತು ಹೊನ್ನಾವರಗಳಲ್ಲಿ ಅಳಿವೆಯು ಸರೋವರದಂತೆ ಹರಡಿ ನಡುವೆ ದ್ವೀಪಗಳಿರುವುದನ್ನೂ, ಅವುಗಳಲ್ಲಿ ಬೇಸಾಯ ನಡೆಯುವುದನ್ನೂ ಅವರು ಗುರುತಿಸಿದ್ದಾರೆ. ಉಪ್ಪಿನ ಆಗರಗಳು, ತೆಂಗಿನ ತೋಟಗಳು, ಮರಳು ದಡದ ಹಿಂದಿನ ಭತ್ತದ ಗದ್ದೆಗಳು ಅವರ ಬರಹದಲ್ಲಿ ಮತ್ತೆ ಮತ್ತೆ ಬರುತ್ತವೆ.

ಇವೇ ಅಳಿವೆಗಳು ಇಂದು ಕರ್ನಾಟಕದ ಕಾಂಡ್ಲಾ ಕಾಡುಗಳ ನೆಲೆ. 2021ರ ಭಾರತ ಅರಣ್ಯ ಸ್ಥಿತಿ ವರದಿಯ ಪ್ರಕಾರ ದೇಶದಲ್ಲಿರುವ 4,992 ಚದರ ಕಿಲೋಮೀಟರ್ ಕಾಂಡ್ಲಾ ಕಾಡಿನಲ್ಲಿ ಕರ್ನಾಟಕದ ಪಾಲು 13 ಚದರ ಕಿಲೋಮೀಟರ್ ಮಾತ್ರ. ವಿಸ್ತಾರ ಕಿರಿದಾದರೂ ಉಪಯೋಗ ಹಿರಿದು. ಇಲ್ಲಿಯ ಬೇರುಗಳ ನಡುವೆ ಸಿಗಡಿ, ಏಡಿ ಮತ್ತು ಮೀನಿನ ಮರಿಗಳು ಬೆಳೆಯುತ್ತವೆ. ಉದುರಿದ ಎಲೆ ಕೊಳೆತು ಅವುಗಳಿಗೆ ಆಹಾರವಾಗುತ್ತದೆ. ದಡದ ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದೆ. ಅಘನಾಶಿನಿಯ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆದು, ಕೊಯ್ಲಿನ ನಂತರ ಅದೇ ಗದ್ದೆಯಲ್ಲಿ ಮೀನು ಸಿಗಡಿ ಹಿಡಿಯುವ ಪದ್ಧತಿಯು ಈ ವ್ಯವಸ್ಥೆಯನ್ನೇ ನಂಬಿದೆ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣದ ಮನ್ನಣೆ ದೊರೆಯಿತು.

ಚಿತ್ರದುರ್ಗ ಸೀಮೆಯಲ್ಲಿ

ಕರಾವಳಿಯಿಂದ ಘಟ್ಟ ಹತ್ತಿದ ಬುಕಾನನ್ ಅವರು ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿ, ಇಕ್ಕೇರಿ, ಬಿದನೂರು, ಶಿವಮೊಗ್ಗಗಳ ಮೂಲಕ ಹರಿಹರಕ್ಕೆ ಬಂದು, ಅಲ್ಲಿಂದ 1801ರ ಬೇಸಿಗೆಯಲ್ಲಿ ಚಿತ್ರದುರ್ಗವನ್ನು ತಲುಪಿದರು. ಕೆಲವೇ ವಾರಗಳಲ್ಲಿ ಕಡಲ ಕೆಸರಿನಿಂದ ಮಳೆಕಾಡಿಗೂ, ಮಳೆಕಾಡಿನಿಂದ ಬಯಲುಸೀಮೆಗೂ ಬಂದ ಈ ಪಯಣದಲ್ಲಿ ಕರ್ನಾಟಕದ ಮೂರು ಬಗೆಯ ನಿಸರ್ಗವೂ ಅವರ ಕಣ್ಣೆದುರು ಹಾದುಹೋಯಿತು.

ಚಿತ್ರದುರ್ಗದಿಂದ ಅವರ ದಾರಿ ತೆಂಕಣಕ್ಕೆ, ವೇದಾವತಿ ನದಿಯ ದಡದ ಹಿರಿಯೂರಿನತ್ತ ಹೊರಳಿತು. ಈಗಿನ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಆ ದಾರಿಯ ಈಶಾನ್ಯಕ್ಕೆ ಉಳಿದವು. ಆದರೂ ಆ ತಾಲ್ಲೂಕುಗಳ ಎರಡು ಶತಮಾನಗಳ ಹಿಂದಿನ ಬದುಕನ್ನು ತಿಳಿಯಬಯಸುವವರು ಚಿತ್ರದುರ್ಗ–ಹಿರಿಯೂರು ಭಾಗದ ಪುಟಗಳನ್ನೇ ಮೊದಲು ನೋಡಬೇಕಾಗುತ್ತದೆ. ಮಣ್ಣು, ಮಳೆ, ಬೆಳೆ, ಕುರಿ ಸಾಕಣೆ, ಕಂಬಳಿ ನೇಯ್ಗೆ ಇವೆಲ್ಲ ಒಂದೇ ಬಯಲಿಗೆ ಸೇರಿದವು. ಯುದ್ಧ ಮತ್ತು ಕ್ಷಾಮಗಳಿಂದ ಊರುಗಳು ಬರಿದಾಗಿದ್ದ ಕಾಲವದು. 1791–92ರ ಮರಾಠರ ದಂಡಯಾತ್ರೆಯ ಗಾಯ ಇನ್ನೂ ಮಾಸಿರಲಿಲ್ಲ.

ಜಿಲ್ಲೆಯ ಮತ್ತೋಡಿನಲ್ಲಿ ಚೌಳು ಮಣ್ಣಿನ ಸೋಡಾದಿಂದ ಗಾಜಿನ ಬಳೆ ತಯಾರಿಸುತ್ತಿದ್ದ ಕುಲುಮೆಗಳನ್ನು ಬುಕಾನನ್ ಕಂಡು ವಿವರಿಸಿದ್ದಾರೆ. ಒಳನಾಡಿನಲ್ಲಿ ಉಪ್ಪಾರರು ಚೌಳು ಮಣ್ಣನ್ನು ನೀರಿನಲ್ಲಿ ಕರಗಿಸಿ ಉಪ್ಪು ತೆಗೆಯುತ್ತಿದ್ದ ಕ್ರಮವೂ ಅವರ ದಿನಚರಿಯಲ್ಲಿದೆ. ಕಡಲಿನ ಆಗರದ ಉಪ್ಪು, ಒಳನಾಡಿನ ಮಣ್ಣುಪ್ಪು ಎರಡನ್ನೂ ಕಂಡು ಬರೆದದ್ದು ಈ ಗ್ರಂಥದ ಒಂದು ವಿಶೇಷ.

ಚಳ್ಳಕೆರೆ, ಮೊಳಕಾಲ್ಮೂರು ಮತ್ತು ಕಾಂಡ್ಲಾ ಕಾಡು

ಚಳ್ಳಕೆರೆ ಮತ್ತು ಮೊಳಕಾಲ್ಮೂರು ಕರ್ನಾಟಕದ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಸೇರಿವೆ. ಕಡಲಂಚಿನ ಕಾಡಿಗೂ ಈ ಬೆಂಗಾಡಿಗೂ ಮೇಲ್ನೋಟಕ್ಕೆ ಸಂಬಂಧ ಕಾಣದು. ಬುಕಾನನ್ ಅವರು ಎರಡು ಬಗೆಯ ನೆಲವನ್ನೂ ಬೇರೆಬೇರೆಯಾಗಿ ವಿವರಿಸಿದರೇ ಹೊರತು ಜೋಡಿಸಲಿಲ್ಲ. ಪರಿಸರ ವಿಜ್ಞಾನ ಎಂಬ ಶಾಖೆಗೆ ಹೆಸರು ಸಿಕ್ಕಿದ್ದೇ 1866ರಲ್ಲಿ, ಜರ್ಮನಿಯ ಹೆಕೆಲ್ ಅವರಿಂದ. ಅದರ ಬೆಳಕಿನಲ್ಲಿ ನೋಡಿದಾಗ ಎರಡು ಸಂಬಂಧಗಳು ಎದ್ದು ಕಾಣುತ್ತವೆ.

ಮೊದಲನೆಯದು ಬಾಯಾರಿಕೆ. ಕಾಂಡ್ಲಾ ಮರದ ಬುಡದಲ್ಲಿ ನೀರು ತುಂಬಿದ್ದರೂ ಅದು ಉಪ್ಪುನೀರು. ಬೇರು ಅದನ್ನು ಸುಲಭವಾಗಿ ಹೀರಲಾರದು. ನೀರಿನ ನಡುವೆಯೇ ಮರಕ್ಕೆ ಬರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಶಿಂಪರ್ ಅವರು ಇದನ್ನು ಸಸ್ಯದ ದೃಷ್ಟಿಯ ಒಣತನ ಎಂದು ವಿವರಿಸಿದರು. ಆದ್ದರಿಂದಲೇ ಕಾಂಡ್ಲಾ ಎಲೆಗಳು ದಪ್ಪವಾಗಿ, ಮೇಣ ಸವರಿದಂತೆ, ನೀರು ಆರದಂತೆ ಇರುತ್ತವೆ. ಕೆಲವು ಮರಗಳು ಬೇರಿನಲ್ಲಿಯೇ ಉಪ್ಪನ್ನು ಸೋಸುತ್ತವೆ. ಉಪ್ಪಟಿಯಂಥವು ಎಲೆಯ ಮೂಲಕ ಹೊರಹಾಕುತ್ತವೆ. ಚಳ್ಳಕೆರೆಯ ಬಯಲಿನ ಜಾಲಿ, ತಂಗಡಿ, ಕಾರೆ, ಬಾರೆ ಮೊದಲಾದ ಗಿಡಗಳೂ ಸಣ್ಣ ಎಲೆ, ಮುಳ್ಳು, ಆಳವಾದ ಬೇರುಗಳಿಂದ ಇದೇ ಸಮಸ್ಯೆಯನ್ನು ಎದುರಿಸುತ್ತವೆ. ಒಂದು ಕಡೆ ಉಪ್ಪು, ಇನ್ನೊಂದು ಕಡೆ ಬಿಸಿಲು. ಎರಡು ಕಡೆಯೂ ಗಿಡಕ್ಕೆ ನೀರೇ ದುರ್ಲಭ.

ಎರಡನೆಯದು ನದಿ. ಹಿರಿಯೂರನ್ನು ದಾಟಿದ ವೇದಾವತಿಯು ಚಳ್ಳಕೆರೆ ತಾಲ್ಲೂಕಿನಲ್ಲಿ ಹರಿದು, ಹಗರಿ ಎಂಬ ಹೆಸರಿನಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಮೊಳಕಾಲ್ಮೂರಿನ ಚಿನ್ನಹಗರಿಯ ನೀರಿನ ದಾರಿಯೂ ಇದೇ. ತುಂಗಭದ್ರೆ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಯತ್ತ ಹೋಗುತ್ತದೆ. ಕೃಷ್ಣಾ ನದಿಯ ಮುಖಜ ಭೂಮಿಯಲ್ಲಿ ಕಾಂಡ್ಲಾ ಕಾಡುಗಳಿವೆ. ಚಳ್ಳಕೆರೆಯ ಹೊಲದಿಂದ ಮಳೆಗಾಲದಲ್ಲಿ ಕೊಚ್ಚಿಹೋದ ಮಣ್ಣಿಗೂ ನೀರಿಗೂ ಪ್ರಕೃತಿ ಗೊತ್ತುಮಾಡಿದ ಕೊನೆಯ ನಿಲ್ದಾಣ ಆ ಕೆಸರು ನೆಲವೇ. ಬುಕಾನನ್ ಬಂದಾಗ ವೇದಾವತಿಗೆ ದೊಡ್ಡ ಅಣೆಕಟ್ಟು ಇರಲಿಲ್ಲ. ಮಾರಿಕಣಿವೆಯ ವಾಣಿವಿಲಾಸ ಸಾಗರ 1898ರಿಂದ 1907ರ ನಡುವೆ ಕಟ್ಟಲ್ಪಟ್ಟಿತು. ಆಮೇಲೆ ತುಂಗಭದ್ರೆ, ಕೃಷ್ಣೆಗಳಿಗೂ ಅಣೆಕಟ್ಟುಗಳು ಬಂದವು. ಒಣಭೂಮಿಯ ರೈತನಿಗೆ ಅವು ಜೀವಾಧಾರ. ಆದರೆ ನದಿಯ ಬಾಯಿಗೆ ಹೋಗುವ ಸಿಹಿನೀರು ಮತ್ತು ಹೂಳು ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಮೂರನೆಯ ಹೋಲಿಕೆ ಮನುಷ್ಯರು ಮಾಡಿದ್ದು. ಕಂದಾಯ ಬಾರದ ನೆಲವನ್ನು ಪಾಳು ಎಂದು ಬರೆಯುವುದು ಕಂಪನಿಯ ಲೆಕ್ಕದ ಪದ್ಧತಿ. ಕಾಂಡ್ಲಾ ಬೆಳೆದ ಕೆಸರೂ, ಚಳ್ಳಕೆರೆಯ ಹುಲ್ಲುಗಾವಲೂ ಆ ಲೆಕ್ಕದಲ್ಲಿ ಪಾಳಾದವು. ಮೀನುಗಾರರಿಗೆ ಅದು ಮೀನಿನ ತೊಟ್ಟಿಲು, ಮ್ಯಾಸನಾಯಕರಿಗೂ ಕುರಿಗಾಹಿಗಳಿಗೂ ಇದು ದೇವರ ದನ ಮತ್ತು ಕುರಿಮಂದೆಗಳ ಮೇವು ಎಂಬುದು ಲೆಕ್ಕಕ್ಕೆ ಬರಲಿಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಕಾವಲುಗಳು ಚಳ್ಳಕೆರೆ ತಾಲ್ಲೂಕಿನಲ್ಲಿ ಕೃಷ್ಣಮೃಗಗಳಿಗೂ ನೆಲೆಯಾಗಿವೆ. ಖುದಾಪುರ, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ನೆಲವನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಟ್ಟಾಗ ಅದು ಪಾಳು ನೆಲವೋ ಹುಲ್ಲುಗಾವಲೋ ಎಂಬ ಪ್ರಶ್ನೆ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು.

ನೇಪಾಳ ಮತ್ತು ಬಾರಕ್‌ಪುರ

1802ರಲ್ಲಿ ಕಂಪನಿಯ ರಾಯಭಾರಿ ತಂಡದೊಡನೆ ಬುಕಾನನ್ ನೇಪಾಳಕ್ಕೆ ಹೋಗಿ ಕಠ್ಮಂಡುವಿನ ಸುತ್ತಮುತ್ತ ಸಸ್ಯಗಳನ್ನು ಸಂಗ್ರಹಿಸಿದರು. ನೇಪಾಳದ ಸಸ್ಯಸಂಪತ್ತನ್ನು ಕುರಿತು ಡೇವಿಡ್ ಡಾನ್ ಅವರು 1825ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಈ ಸಂಗ್ರಹ ಮುಖ್ಯ ಆಧಾರಗಳಲ್ಲೊಂದಾಯಿತು. ಕಲ್ಕತ್ತೆಗೆ ಮರಳಿದ ಮೇಲೆ ವೆಲ್ಲೆಸ್ಲಿಯ ಖಾಸಗಿ ವೈದ್ಯರಾದರು. ಬಾರಕ್‌ಪುರದಲ್ಲಿ ಪ್ರಾಣಿಗಳನ್ನು ಸಾಕಿ ಅಧ್ಯಯನ ಮಾಡುವ ಸಂಸ್ಥೆಯ ಹೊಣೆಯನ್ನೂ ಹೊತ್ತರು. ಹಲುದರ್ ಎಂಬ ಬಂಗಾಳಿ ಕಲಾವಿದ ಅವರಿಗಾಗಿ ಪ್ರಾಣಿಗಳ ಚಿತ್ರ ಬರೆಯುತ್ತಿದ್ದ. 1805ರಲ್ಲಿ ವೆಲ್ಲೆಸ್ಲಿಯೊಡನೆ ಇಂಗ್ಲೆಂಡಿಗೆ ಹೋದ ಬುಕಾನನ್ 1806ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು.

ಬಂಗಾಳದ ಸರ್ವೇಕ್ಷಣೆ

1807ರಿಂದ 1814ರವರೆಗೆ ಅವರು ಬಂಗಾಳ ಪ್ರಾಂತದ ದಿನಾಜ್‌ಪುರ, ರಂಗಪುರ, ಪೂರ್ಣಿಯಾ, ಭಾಗಲ್ಪುರ, ಪಾಟ್ನಾ–ಗಯಾ, ಶಹಾಬಾದ್ ಮತ್ತು ಗೋರಖಪುರ ಪ್ರದೇಶಗಳ ಸರ್ವೇಕ್ಷಣೆ ನಡೆಸಿದರು. ಬೇಸಿಗೆ ಮಳೆಗಳಲ್ಲಿ ಬರವಣಿಗೆ, ಚಳಿಗಾಲದಲ್ಲಿ ಸಂಚಾರ. ಹೀಗೆ ಏಳು ವರ್ಷಗಳ ದುಡಿಮೆಯ ಫಲವಾಗಿ ದೊಡ್ಡ ಹಸ್ತಪ್ರತಿ ರಾಶಿ ಸಿದ್ಧವಾಯಿತು. ಆದರೆ ಅವರು ಬದುಕಿರುವಾಗ ಅದು ಅಚ್ಚಾಗಲಿಲ್ಲ. 1838ರಲ್ಲಿ ಮಾಂಟ್‌ಗೊಮರಿ ಮಾರ್ಟಿನ್ ಅದನ್ನು ಕತ್ತರಿಸಿ ಮೂರು ಸಂಪುಟಗಳಾಗಿ ಪ್ರಕಟಿಸಿದಾಗ ಮುಖಪುಟದಲ್ಲಿ ಬುಕಾನನ್ ಹೆಸರೇ ಇರಲಿಲ್ಲ. ಜಿಲ್ಲಾವಾರು ವರದಿಗಳು ಅವರ ಹೆಸರಿನಲ್ಲಿ ಬೆಳಕು ಕಂಡದ್ದು ಇಪ್ಪತ್ತನೆಯ ಶತಮಾನದಲ್ಲಿ.

ಚಿತ್ರಗಳ ಮುಟ್ಟುಗೋಲು

ವಿಲಿಯಂ ರಾಕ್ಸ್‌ಬರ್ಗ್ ನಂತರ 1814ರಲ್ಲಿ ಬುಕಾನನ್ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕರಾದರು. ಆದರೆ ಆರೋಗ್ಯ ಕೆಟ್ಟಿದ್ದರಿಂದ 1815ರಲ್ಲಿಯೇ ಸೇವೆಯಿಂದ ಬಿಡುಗಡೆ ಪಡೆದು ಊರಿಗೆ ಹೊರಟರು. ತಮ್ಮ ಸಂಗ್ರಹವನ್ನೂ ಚಿತ್ರಗಳನ್ನೂ ಲಂಡನ್ನಿಗೆ ಒಯ್ದು ಕಂಪನಿಯ ನಿರ್ದೇಶಕರಿಗೆ ಒಪ್ಪಿಸಬೇಕೆಂಬುದು ಅವರ ಇಚ್ಛೆಯಾಗಿತ್ತು. ಗವರ್ನರ್ ಜನರಲ್ ಲಾರ್ಡ್ ಮೊಯ್ರಾ (ಮುಂದೆ ಹೇಸ್ಟಿಂಗ್ಸ್ ಎಂದು ಪ್ರಸಿದ್ಧರಾದವರು) ಇದಕ್ಕೆ ಒಪ್ಪದೆ, ಸರ್ಕಾರದ ವೆಚ್ಚದಲ್ಲಿ ಸಿದ್ಧವಾದ ಚಿತ್ರಗಳು ಕಲ್ಕತ್ತೆಯಲ್ಲಿಯೇ ಉಳಿಯಬೇಕೆಂದು ಅವನ್ನು ವಶಪಡಿಸಿಕೊಂಡರು. ಇಪ್ಪತ್ತು ವರ್ಷಗಳ ಕೆಲಸದ ಪ್ರಮುಖ ಭಾಗವನ್ನು ಬಿಟ್ಟು ಬರಬೇಕಾದ ಈ ಘಟನೆ ಬುಕಾನನ್ ಅವರಿಗೆ ಕೊನೆಯವರೆಗೂ ನೋವಿನ ಸಂಗತಿಯಾಯಿತು.

ಗಂಗೆಯ ಮೀನುಗಳು

ಚಿತ್ರಗಳ ಬಹುಭಾಗ ಕೈತಪ್ಪಿದರೂ ಅವರು ತಮ್ಮ ಟಿಪ್ಪಣಿಗಳ ಆಧಾರದಿಂದ ಗಂಗಾ ನದಿ ಮತ್ತು ಅದರ ಶಾಖೆಗಳ ಮೀನುಗಳನ್ನು ಕುರಿತ ಗ್ರಂಥವನ್ನು ಬರೆದು 1822ರಲ್ಲಿ ಎಡಿನ್‌ಬರೋದಲ್ಲಿ ಪ್ರಕಟಿಸಿದರು. 39 ಚಿತ್ರಫಲಕಗಳಿರುವ ಈ ಕೃತಿಯಲ್ಲಿ ವಿಜ್ಞಾನಕ್ಕೆ ಹೊಸದಾದ ನೂರಕ್ಕೂ ಹೆಚ್ಚು ಮೀನುಗಳ ವಿವರಣೆಯಿದೆ. ಸ್ಥಳೀಯರು ಕರೆಯುವ ಹೆಸರನ್ನೇ ವೈಜ್ಞಾನಿಕ ಹೆಸರಿಗೆ ಬಳಸಿಕೊಳ್ಳುವುದು ಅವರ ರೂಢಿ. ರೋಹು, ಕಟ್ಲಾ, ಮೃಗಾಲ್, ಹಿಲ್ಸಾ ಮೀನುಗಳ ಹೆಸರುಗಳು ಹೀಗೆ ವಿಜ್ಞಾನದ ಭಾಷೆಗೆ ಸೇರಿದವು. ಇವುಗಳಲ್ಲಿ ರೋಹು, ಕಟ್ಲಾ, ಮೃಗಾಲ್ ಮರಿಗಳನ್ನು ಇಂದು ಚಿತ್ರದುರ್ಗ ಜಿಲ್ಲೆಯ ಕೆರೆಗಳಲ್ಲಿಯೂ ಬಿಟ್ಟು ಸಾಕುತ್ತಾರೆ.

ಕೃತಿಯಲ್ಲಿ ಅಳಿವೆಯ ಮೀನುಗಳಿಗೂ ದೊಡ್ಡ ಪಾಲಿದೆ. ಕಡಲಿನಿಂದ ನದಿಗೆ ಏರಿ ಬಂದು ಮೊಟ್ಟೆಯಿಡುವ ಹಿಲ್ಸಾ, ಉಪ್ಪುನೀರು ಸಿಹಿನೀರುಗಳ ನಡುವೆ ಬದುಕುವ ಪಾರ್ಶೆ ಮತ್ತು ಗುಲಿಯೊ ಮೊದಲಾದವು ಅವರಿಂದಲೇ ಹೆಸರು ಪಡೆದವು. ಪ್ರಪಂಚದ ಪ್ರಯೋಗಾಲಯಗಳಲ್ಲಿ ಇಂದು ಬಳಕೆಯಲ್ಲಿರುವ ಪಟ್ಟೆಪಟ್ಟೆಯ ಪುಟ್ಟ ಮೀನು ಜೀಬ್ರಾಫಿಶ್ ಕೂಡ 1822ರಲ್ಲಿ ಇವರು ವಿವರಿಸಿದ್ದೇ.

ಕೊನೆಯ ವರ್ಷಗಳು

ಸ್ಕಾಟ್ಲೆಂಡಿಗೆ ಮರಳಿದ ಮೇಲೆ ತಾಯಿಯ ಕಡೆಯ ಆಸ್ತಿ ಬಂದುದರಿಂದ ಹ್ಯಾಮಿಲ್ಟನ್ ಎಂಬ ಹೆಸರನ್ನು ಸ್ವೀಕರಿಸಿದರು. ನೇಪಾಳ ರಾಜ್ಯವನ್ನು ಕುರಿತ ಗ್ರಂಥ 1819ರಲ್ಲಿ ಹೊರಬಂತು. ಹದಿನೇಳನೆಯ ಶತಮಾನದ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ ಹೊರ್ಟುಸ್ ಮಲಬಾರಿಕುಸ್ ಗ್ರಂಥಕ್ಕೆ ವ್ಯಾಖ್ಯಾನ ಬರೆಯುವುದು ಅವರ ಕೊನೆಯ ದೊಡ್ಡ ಕೆಲಸ. ಮಲಬಾರಿನ ಗಿಡಮರಗಳನ್ನು ತಾವೇ ಕಂಡಿದ್ದ ಅನುಭವ ಇದಕ್ಕೆ ಒದಗಿತು. ಲಂಡನ್ನಿನ ಲಿನ್ನೇಯನ್ ಸೊಸೈಟಿಯ ಪತ್ರಿಕೆಯಲ್ಲಿ ಇದು ಕಂತುಗಳಲ್ಲಿ ಪ್ರಕಟವಾಯಿತು. 1829ರ ಜೂನ್ 15ರಂದು ಬುಕಾನನ್-ಹ್ಯಾಮಿಲ್ಟನ್ ನಿಧನರಾದರು.

ಮೌಲ್ಯಮಾಪನ

ಬುಕಾನನ್ ಅವರ ಬರಹವನ್ನು ಓದುವಾಗ ಅದರ ಉದ್ದೇಶವನ್ನು ಮರೆಯುವಂತಿಲ್ಲ. ಗೆದ್ದ ನಾಡಿನ ಸಂಪತ್ತನ್ನು ಅಳೆಯಲು ಗೆದ್ದವರು ಕಳುಹಿಸಿದ ವ್ಯಕ್ತಿ ಅವರು. ಕನ್ನಡ, ತುಳು, ತೆಲುಗು ಮಾತುಗಳು ಅವರಿಗೆ ದುಭಾಷಿಗಳ ಮೂಲಕವೇ ತಲುಪಿದವು. ಊರಿನ ಹೆಸರುಗಳು ಹಲವೆಡೆ ಗುರುತು ಸಿಗದಷ್ಟು ರೂಪ ಬದಲಿಸಿವೆ. ಜಾತಿ, ಆಚಾರಗಳ ಬಗ್ಗೆ ಅವರ ತೀರ್ಪುಗಳಲ್ಲಿ ಪೂರ್ವಗ್ರಹ ಇಣುಕುತ್ತದೆ. ಅವರಿಗೆ ಮಾಹಿತಿ ಕೊಟ್ಟ ನೂರಾರು ರೈತರು, ಮೀನುಗಾರರು, ಗಿಡ ತೋರಿಸಿದವರ ಹೆಸರುಗಳು ಬಹುಪಾಲು ದಾಖಲಾಗಿಲ್ಲ.

ಆದರೂ ಅವರು ಕೇಳಿದ್ದನ್ನು ಕೇಳಿದಂತೆ, ಕಂಡದ್ದನ್ನು ಕಂಡಂತೆ ಬರೆಯಲು ಶ್ರಮಿಸಿದರು ಎಂಬುದನ್ನು ಇತಿಹಾಸಕಾರರು ಒಪ್ಪುತ್ತಾರೆ. ಕೃಷಿ ಇತಿಹಾಸ, ಸಮಾಜಶಾಸ್ತ್ರ, ಸಸ್ಯಶಾಸ್ತ್ರ, ಮತ್ಸ್ಯಶಾಸ್ತ್ರ, ಭೂವಿಜ್ಞಾನ ಈ ಐದು ಕ್ಷೇತ್ರಗಳ ವಿದ್ಯಾರ್ಥಿಗಳೂ ಅವರ ಬರಹಕ್ಕೆ ಮರಳುತ್ತಾರೆ. ಎರಡು ಶತಮಾನಗಳಲ್ಲಿ ಕರಾವಳಿಯ ಅಳಿವೆಗಳೂ ಚಿತ್ರದುರ್ಗದ ಬಯಲೂ ಎಷ್ಟು ಬದಲಾಗಿವೆ ಎಂದು ಅಳೆಯಲು ಅವರ ದಿನಚರಿಯು ಒಂದು ಮೈಲಿಗಲ್ಲಾಗಿದೆ.

ಹೆಸರಿನ ಗೊಂದಲ

ಒಬ್ಬರೇ ವ್ಯಕ್ತಿಯಾದರೂ ಗ್ರಂಥಗಳಲ್ಲಿ ಬುಕಾನನ್, ಹ್ಯಾಮಿಲ್ಟನ್, ಬುಕಾನನ್-ಹ್ಯಾಮಿಲ್ಟನ್ ಎಂಬ ಮೂರು ರೂಪಗಳು ಕಾಣುತ್ತವೆ. 1815ಕ್ಕೆ ಮುಂಚಿನ ಬರಹಗಳಲ್ಲಿ ಬುಕಾನನ್ ಎಂದೂ, ಮೀನುಗಳ ಹೆಸರಿನ ಮುಂದೆ ಹ್ಯಾಮಿಲ್ಟನ್ ಎಂದೂ, ಸಸ್ಯಗಳ ಹೆಸರಿನ ಮುಂದೆ ಬುಕ್.-ಹ್ಯಾಮ್. ಎಂದೂ ಬರೆಯುವುದು ವಾಡಿಕೆ. ಕಲ್ಕತ್ತೆಯ ಚರಿತ್ರೆಯಲ್ಲಿ ಬರುವ ಪಾದ್ರಿ ಕ್ಲಾಡಿಯಸ್ ಬುಕಾನನ್ ಬೇರೆ ವ್ಯಕ್ತಿ.

ಪ್ರಮುಖ ಕೃತಿಗಳು

ಮದರಾಸಿನಿಂದ ಮೈಸೂರು, ಕನ್ನಡ ಮತ್ತು ಮಲಬಾರ್ ದೇಶಗಳ ಮೂಲಕ ಪ್ರವಾಸ (ಮೂರು ಸಂಪುಟಗಳು, 1807)
ನೇಪಾಳ ರಾಜ್ಯದ ವೃತ್ತಾಂತ (1819)
ಹಿಂದೂಗಳ ವಂಶಾವಳಿಗಳು (1819)
ಗಂಗಾ ನದಿ ಮತ್ತು ಅದರ ಶಾಖೆಗಳ ಮೀನುಗಳ ವಿವರಣೆ (1822)
ಹೊರ್ಟುಸ್ ಮಲಬಾರಿಕುಸ್ ಗ್ರಂಥದ ವ್ಯಾಖ್ಯಾನ (1822ರಿಂದ ಕಂತುಗಳಲ್ಲಿ)